ಗೋದೂಬಾಯಿಯ ದಿನಗಳಿಗೆ ಕೆಂಪು ಗೀಟು

ಇಂಡಿ ಪಟ್ಟಣದ ಜಯತೀರ್ಥರಾವ್ ಕುಲಕರ್ಣಿಯವರ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿಗೆ ಇದ್ದ ಬೆಲೆ ಆ ಮನೆಯ ಹೆಂಗಸಿಗೆ ಇರಲಿಲ್ಲ. ಕ್ಯಾಲೆಂಡರನ್ನು ರಾಯರು ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಓದುತ್ತಿದ್ದರು. ಹೆಂಡತಿಯ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಒಮ್ಮೆಯೂ ಇಲ್ಲ. ಏಕಾದಶಿ ಯಾವತ್ತು, ಅಪ್ಪನ ಶ್ರಾದ್ಧ ಯಾವತ್ತು, ಗ್ರಹಣ ಯಾವಾಗ ಬಿಡುತ್ತದೆ, ಎಲ್ಲ ಅದರಲ್ಲಿತ್ತು. ಅಚ್ಚಾಗದ ಒಂದು ಸಂಗತಿಯನ್ನು ಮಾತ್ರ ರಾಯರು ತಮ್ಮ ಕೈಯಿಂದಲೇ ಸೇರಿಸುತ್ತಿದ್ದರು. ಹೆಂಡತಿ ಮುಟ್ಟಾದ ದಿನಕ್ಕೆ ಒಂದು ಕೆಂಪು ಗೀಟು. ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಪಳಗಿದ ಕೈ, ಗೀಟು ಬಹಳ ನೇರವಾಗಿ ಬರುತ್ತಿತ್ತು.

ಇದು ಹೆಂಡತಿಯ ಮೇಲಿನ ಕಾಳಜಿ ಅಂತ ಯಾರಾದರೂ ತಿಳಿದರೆ ಅವರಂಥ ಮುಗ್ಧರಿಲ್ಲ. ಮುಂದಿನ ತಿಂಗಳು ಯಾವ ಮೂರು ದಿನ ಊಟದ ಫಜೀತಿ ಅಂತ ಮೊದಲೇ ಗೊತ್ತಿರಲಿ, ಪೂಜೆ ಪುನಸ್ಕಾರಗಳನ್ನು ಅದಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಲು ಬರಲಿ, ಇಷ್ಟೇ. ನೆಂಟರು, ಹಾಲಿನವನು, ಗ್ಯಾಸಿನ ಸಿಲಿಂಡರ್ ತಂದವನು, ಎಲ್ಲರ ಕಣ್ಣೂ ಆ ಗೋಡೆಯ ಮೇಲೆ ಬೀಳುತ್ತಿತ್ತು. ಹೊಸದರಲ್ಲಿ ಗೋದೂಬಾಯಿ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು. ವರ್ಷ ಕಳೆದಂತೆ ನಾಚಿಕೆ ಹೋಗಿ ಅಸಹ್ಯ ಬಂತು. ಅಸಹ್ಯ ನಾಚಿಕೆಗಿಂತ ಗಟ್ಟಿ, ಅದನ್ನು ಇಟ್ಟುಕೊಂಡು ಸಂಸಾರ ಮಾಡಬಹುದು.

ಆಕೆ ದೇವರ ಹಿಪ್ಪರಗಿಯ ಮಗಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದರಿಂದ ಶಾಲೆಯಲ್ಲಿ ಗೆಳತಿಯರು ಅಜ್ಜಿ ಅಂತಲೇ ಕರೆದು ಕಾಡುತ್ತಿದ್ದರು. ಇಪ್ಪತ್ತೆರಡಕ್ಕೆ ಇಂಡಿಗೆ ಸೊಸೆಯಾಗಿ ಬಂದಳು. ಆ ಮನೆಯಲ್ಲಿ ಹೊರಗೆ ಕೂಡುವ ಪದ್ಧತಿ ಬಹಳ ಬಿಗಿ. ತಿಂಗಳ ಮೂರು ದಿನ ಹಿತ್ತಲ ಪಡಸಾಲೆಯಲ್ಲಿ ಒಂದು ಚಾಪೆ, ಒಂದು ತಂಬಿಗೆ, ಒಂದು ತಾಟು. ಬಾಗಿಲ ಆಚೆಯಿಂದ ಅತ್ತೆ ಊಟ ಜಾರಿಸುತ್ತಿದ್ದರು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರೆ ಮೂರು ದಿನದ ಪಾತ್ರೆ, ಬಟ್ಟೆ, ಕಸ ಎಲ್ಲ ಆಕೆಯ ದಾರಿ ಕಾಯುತ್ತಿರುತ್ತಿದ್ದವು. ಅತ್ತೆ ತೀರಿಕೊಂಡ ಮೇಲೆ ಆ ಮೂರು ದಿನ ರಾಯರು ಮಾಡಿಕೊಳ್ಳುತ್ತಿದ್ದದ್ದು ಹಚ್ಚಿದ ಅವಲಕ್ಕಿ. ಸಂಜೆ ಮಾತ್ರ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ದೋಸೆ ತಿನ್ನುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು, ಗೋದೂಬಾಯಿಗೂ ಗೊತ್ತಿತ್ತು. ಮಡಿ ಅನ್ನುವುದು ಹೆಂಡತಿಯ ಮೈಗೆ ಬಿಗಿ, ತಮ್ಮ ನಾಲಿಗೆಗೆ ಸಡಿಲು. ಇಂಥವರು ಒಬ್ಬರೇ ಅಲ್ಲ, ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಬೇಕಾದಷ್ಟು ಸಿಗುತ್ತಾರೆ.

ನಲವತ್ತೆಂಟಕ್ಕೆ ಆಕೆಯ ಮೈ ಬದಲಾಗತೊಡಗಿತು. ಒಲೆಯ ಮುಂದೆ ಮಡಿಸೀರೆಯಲ್ಲಿ ನಿಂತಾಗ ಎದೆಯಿಂದ ಒಂದು ಝಳ ಎದ್ದು ಕುತ್ತಿಗೆ, ಕಿವಿ, ನೆತ್ತಿ ಎಲ್ಲ ಸುಟ್ಟುಹೋಗುತ್ತಿತ್ತು. ಬೆವರು ದಳದಳ ಇಳಿದು ಸೀರೆ ಬೆನ್ನಿಗೆ ಅಂಟುತ್ತಿತ್ತು, ಎರಡು ನಿಮಿಷಕ್ಕೆ ಮೈ ತಣ್ಣಗೆ. ನಿದ್ದೆ ಕೈಬಿಟ್ಟಿತು. ಮೊಣಕಾಲು ಹಿಡಿಯಿತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅನ್ನುವುದು ಮರೆಯುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು, ಕಾರಣವಿದ್ದು ಸಿಟ್ಟು ಬರುತ್ತಿತ್ತು.

"ಅಡಿಗಿ ಮಾಡೋವಾಗ ಸೆಕಿ ಆಗೂದ ಸಹಜ ಅದ," ಎಂದರು ರಾಯರು, ಫ್ಯಾನಿನ ಕೆಳಗೆ ಕುಳಿತು.

"ಡಿಸೆಂಬರದಾಗನೂ ಆಗ್ತದ್ರಿ?"

"ತಲಿ ಕೆಟ್ಟದ ನಿನಗ. ದಿನಾ ನೂರೆಂಟು ಸಲ ನಾಮ ಜಪ ಮಾಡು, ತಂಪ ಆಗ್ತದ."

ಮುಟ್ಟಿನ ಲೆಕ್ಕ ತಪ್ಪಿದಾಗ ಮಾತ್ರ ಅವರಿಗೆ ಚಿಂತೆಯಾಯಿತು. ಒಂದು ತಿಂಗಳು ಎರಡು ಗೀಟು, ಇನ್ನೊಂದು ತಿಂಗಳು ಒಂದೂ ಇಲ್ಲ, ಮತ್ತೊಮ್ಮೆ ಹನ್ನೊಂದು ದಿನ ನಿಲ್ಲದ ರಕ್ತ. ಆಕೆ ಬಿಳಿಚಿಕೊಂಡು ಪಡಸಾಲೆಯಲ್ಲಿ ಬಿದ್ದಿದ್ದರೆ, ರಾಯರು ಬಸ್ ತಪ್ಪಿದವರ ಹಾಗೆ ಮುಖ ಗಂಟಿಕ್ಕಿಕೊಂಡು ಗೋಡೆಯ ಮುಂದೆ ನಿಂತಿರುತ್ತಿದ್ದರು. "ಏನಿದು, ಒಂದಕ್ಕೊಂದು ತಾಳಮೇಳ ಇಲ್ಲ," ಅಂತ ಗೊಣಗುತ್ತಿದ್ದರು. ಹೇಳಿದ್ದು ಕ್ಯಾಲೆಂಡರಿಗೋ ಹೆಂಡತಿಗೋ ತಿಳಿಯುತ್ತಿರಲಿಲ್ಲ.

ಐವತ್ತೆರಡು ದಾಟಿದ ಮೇಲೆ ಗೀಟು ನಿಂತಿತು. ಹನ್ನೆರಡು ಹಾಳೆ ಖಾಲಿ ಹೋದವು. ಹದಿಮೂರನೆಯ ತಿಂಗಳು ರಾಯರು ಕೆಂಪು ಪೆನ್ನಿಗೆ ಟೊಪ್ಪಿಗೆ ಹಾಕಿ ಡ್ರಾವರಿನಲ್ಲಿಟ್ಟರು, ಫೋನು ಕೈಗೆತ್ತಿಕೊಂಡರು. ಮುದ್ದೇಬಿಹಾಳದಲ್ಲಿ ಬ್ಯಾಂಕಿನಲ್ಲಿದ್ದ ಮಗ ಪಾರ್ಥನಿಂದ ಹಿಡಿದು ಬಸವನ ಬಾಗೇವಾಡಿಯ ಷಡ್ಡಕನವರೆಗೆ ಎಲ್ಲರಿಗೂ ಸುದ್ದಿ ಹೋಯಿತು.

"ಇನ್ನ ನಮ್ಮ ಮನ್ಯಾಗ ಮಡಿ ಅಡಿಗಿಗೆ ಚಿಂತಿ ಇಲ್ಲ. ಯಾವ ದಿನ ಕರೀರಿ, ಗೋದೂ ಬರ್ತಾಳ."

ಅಂದಿನಿಂದ ಗೋದೂಬಾಯಿ ನೆಂಟರಿಷ್ಟರ ಪಾಲಿಗೆ ಸಿಕ್ಕ ನಿಧಿಯಾದಳು. ಹೊರ್ತಿಯಲ್ಲಿ ಶ್ರಾದ್ಧ, ಚಡಚಣದಲ್ಲಿ ಸತ್ಯನಾರಾಯಣ ಪೂಜೆ, ಬಾಗೇವಾಡಿಯಲ್ಲಿ ಉಪನಯನ, ಎಲ್ಲಿದ್ದರೂ ಬೆಳಗಾಗುವ ಮೊದಲೇ ಮನೆಯ ಮುಂದೆ ಒಂದು ಜೀಪು. ಸತ್ಯ ಹೇಳಬೇಕೆಂದರೆ ಮೊದಲ ನಾಲ್ಕು ತಿಂಗಳು ಆಕೆಗೂ ಹಿಗ್ಗೇ ಆಗಿತ್ತು. ಮೂವತ್ತು ವರ್ಷ ಬಾಗಿಲಾಚೆ ಕೂತವಳನ್ನು ಈಗ ದೇವರ ಮನೆಯ ಹೊಸ್ತಿಲಿನವರೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಆಮೇಲೆ ಮೊಣಕಾಲು ಹಿಗ್ಗನ್ನು ಇಳಿಸಿತು. ಐವತ್ತು ಜನಕ್ಕೆ ಹೂರಣ ಅರೆದ ಮೇಲೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಒಬ್ಬರಾದರೂ ಒಂದು ಸ್ಟೂಲು ತಂದು ಹಾಕಿ ಕೂಡ್ರಿ ಅನ್ನಲಿಲ್ಲ. ಹೋಳಿಗೆ ಮಾತ್ರ ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡರು.

ಇಷ್ಟರಲ್ಲಿ ರಾಯರ ಆರು ವರ್ಷದ ಹಂಬಲ ಕೈಗೂಡಿತು. ಮಠದ ಸ್ವಾಮಿಗಳು ಸಂಚಾರದಲ್ಲಿ ಇಂಡಿಗೆ ಬರುವಾಗ ಇವರ ಮನೆಗೆ ಪಾದಪೂಜೆಗೆ ಬರುವುದೆಂದು ನಿಶ್ಚಯವಾಯಿತು. ನೂರು ಎಲೆ ಊಟ. ಸ್ವಾಮಿಗಳ ಜೊತೆ ಅವರದೇ ಅಡುಗೆಯವರು ಬರುವ ರೂಢಿ. ರಾಯರು ಮಾತ್ರ ಉಳಿದ ನೂರು ಎಲೆಯ ಅಡುಗೆ ತಮ್ಮ ಮನೆಯವಳ ಕೈಯದೇ ಆಗಬೇಕು ಅಂತ ಹಟ ಹಿಡಿದು, ಎದೆ ಉಬ್ಬಿಸಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಪಾದಪೂಜೆಗೆ ಹತ್ತು ದಿನ ಇತ್ತು. ಬೆಳಿಗ್ಗೆ ಸ್ನಾನಕ್ಕೆ ಹೋದ ಗೋದೂಬಾಯಿ ಸೀರೆಯ ಮೇಲೆ ರಕ್ತ ನೋಡಿದಳು. ಕಡೆಯ ಗೀಟು ಬಿದ್ದು ಹದಿನೆಂಟು ತಿಂಗಳಾಗಿತ್ತು.

ಆಕೆಗೆ ಮೊದಲು ನೆನಪಾದದ್ದು ಹಿಪ್ಪರಗಿಯ ಸೋದರತ್ತೆ. ಅವರಿಗೂ ಹೀಗೇ ನಿಂತು ಎರಡು ವರ್ಷದ ಮೇಲೆ ಮತ್ತೆ ಬಂದಿತ್ತು. ಮನೆಯ ಹೆಂಗಸರೆಲ್ಲ ಮತ್ತೆ ಹರೆಯ ಬಂತು ಅಂತ ಚೇಷ್ಟೆ ಮಾಡಿ ನಕ್ಕಿದ್ದರು, ಅತ್ತೆಯೂ ನಕ್ಕಿದ್ದರು. ಒಂದೂವರೆ ವರ್ಷದಲ್ಲಿ ಅತ್ತೆ ಮೂಳೆ ಚಕ್ಕಳವಾಗಿ ತೀರಿಕೊಂಡರು. ಗರ್ಭಕೋಶದ ಕ್ಯಾನ್ಸರು ಅಂತ ಕಡೆಯ ತಿಂಗಳಲ್ಲಿ ಗೊತ್ತಾಗಿತ್ತು. ಬಚ್ಚಲಲ್ಲಿ ನಿಂತ ಗೋದೂಬಾಯಿಗೆ ಆ ನಗು ಕಿವಿಯಲ್ಲಿ ಕೇಳಿದಂತಾಯಿತು. ಆಕೆಗೆ ಸಾಯುವ ಮನಸ್ಸಿರಲಿಲ್ಲ. ಅದರಲ್ಲೂ ಈ ಮನುಷ್ಯನ ಪಾದಪೂಜೆಯ ಸಡಗರದಲ್ಲಿ ಸಾಯಲು ಸುತರಾಂ ಮನಸ್ಸಿರಲಿಲ್ಲ.

ಪದ್ಧತಿಯಂತೆ ಹೋಗಿ ಗಂಡನಿಗೆ ಹೇಳಿದಳು. "ನಾ ಹೊರಗ ಆಗೀನಿ."

ರಾಯರು ಗೋಡೆಯ ಕಡೆ ನೋಡಿದರು, ಆಮೇಲೆ ಬಾಗಿಲ ಕಡೆ. ಮೂವತ್ತು ವರ್ಷ ಒಂದು ಹನಿಗೆ ಮೂರು ದಿನ ಹೊರಗೆ ಕೂಡಿಸಿದ ಮನುಷ್ಯ ದನಿ ತಗ್ಗಿಸಿ ಅಂದರು: "ಯಾರ ಮುಂದನೂ ಹೇಳಬ್ಯಾಡ. ಹತ್ತು ದಿನ ಅದ, ತಾನ ನಿಲ್ತದ."

"ನಿಂತು ಒಂದೂವರಿ ವರ್ಷ ಆಗಿತ್ತು. ನನಗ ಅಂಜಿಕಿ ಆಗ್ಯದ. ಡಾಕ್ಟರಿಗೆ ತೋರಿಸಬೇಕು."

"ಪಾದಪೂಜಿ ಆಗಲಿ. ನಾ ಮೊದಲ ಸಿಂದಗಿಗೆ ಹೋಗಿ ಆಚಾರ್ರನ್ನ ಕೇಳಿಕೊಂಡ ಬರ್ತೀನಿ."

ಹೆಂಡತಿಗೆ ರಕ್ತ ಬಂದರೆ ಡಾಕ್ಟರ ಹತ್ತಿರ ಹೋಗದೆ ಆಚಾರ್ಯರ ಹತ್ತಿರ ಹೋಗುವ ಗಂಡಸಿನ ತಲೆಯಲ್ಲಿ ಏನಿರುತ್ತದೆ ಅಂತ ಕೇಳಬಾರದು. ಅವರಿಗೆ ಬೇಕಾಗಿದ್ದದ್ದು ಔಷಧವಲ್ಲ, ಅಪ್ಪಣೆ. ಸಿಂದಗಿಯ ಆನಂದತೀರ್ಥಾಚಾರ್ಯರು ಶಾಸ್ತ್ರ ಬಲ್ಲವರು, ಸುತ್ತಲಿನ ಮನೆಗಳಲ್ಲಿ ಮಡಿ ಮೈಲಿಗೆಯ ಸಂಶಯ ಬಂದರೆ ಅವರ ಮಾತೇ ಕಡೆಯದು. ಮರುದಿನ ಬೆಳಗಿನ ಬಸ್ಸಿಗೆ ಹೋದ ರಾಯರು ಸಂಜೆ ಮುಖ ಅರಳಿಸಿಕೊಂಡು ಬಂದರು.

"ಆಚಾರ್ರು ಹೇಳ್ಯಾರ. ಇದು ಮುಟ್ಟ ಅಲ್ಲ, ರೋಗ. ರೋಗಕ್ಕ ಮೈಲಿಗಿ ಇಲ್ಲ. ಸ್ನಾನ ಮಾಡಿ ಅಡಿಗಿ ಮಾಡಬಹುದು."

ಗೋದೂಬಾಯಿ ಮುಂದಿನ ಮಾತಿಗೆ ಕಾದಳು. ರೋಗ ಅಂದ ಮೇಲೆ ಇನ್ನೊಂದು ಮಾತು ಇರಲೇಬೇಕಲ್ಲ. ರಾಯರು ಕೈಕಾಲು ತೊಳೆದುಕೊಂಡು ಬಂದು, ಬೆಲ್ಲ ಎಷ್ಟು ಬೇಕು, ಕಡಲೆಬೇಳೆ ಹೊರ್ತಿಯಿಂದ ತರಿಸುವುದೋ ಇಲ್ಲೇ ಕೊಳ್ಳುವುದೋ ಅಂತ ಕೇಳಿದರು.

 ಆಕೆ ಅಟ್ಟದ ಮೇಲಿನಿಂದ ಚಾಪೆ ಇಳಿಸಿದಳು. ಹದಿನೆಂಟು ತಿಂಗಳಿಂದ ಮುಟ್ಟದ ತಂಬಿಗೆ, ತಾಟು ಹುಡುಕಿ ತೊಳೆದುಕೊಂಡಳು. ಹಿತ್ತಲ ಪಡಸಾಲೆಗೆ ಹೋಗಿ ಚಾಪೆ ಹಾಸಿ ಕುಳಿತಳು.

"ಏ ಗೋದೂ, ಏನಿದು? ಮೈಲಿಗಿ ಇಲ್ಲಂತ ಹೇಳ್ಯಾರಲ್ಲ."

"ಮೈಲಿಗಿ ಇದ್ರ ನಾ ಇಲ್ಲೇ ಕೂಡ್ತೀನಿ, ರಕ್ತ ನಿಲ್ಲೂ ತನಕ. ನೀವೇ ಕಲಿಸಿದ ಪದ್ಧತಿ. ರೋಗ ಇದ್ರ ನನ್ನ ಡಾಕ್ಟರ ಕಡೆ ಕರಕೊಂಡ ಹೋಗ್ರಿ. ಎರಡರಾಗ ಒಂದ ಆರಿಸಿಕೋರಿ. ಮೈಲಿಗಿನೂ ಅಲ್ಲ, ರೋಗನೂ ಅಲ್ಲ, ಸುಮ್ಮನ ಹೋಳಿಗಿ ಮಾಡು ಅನ್ನೂದು ಯಾವ ಶಾಸ್ತ್ರದಾಗೂ ಇಲ್ಲ."

 ರಾಯರು ಮೂವತ್ತು ವರ್ಷ ಹೊರಗೆ ಹೋಗು ಅಂತ ಗದರಿಸಿದ್ದರು. ಹೆಂಡತಿ ತಾನಾಗಿ ಹೊರಗೆ ಕುಳಿತು ಒಳಗೆ ಬರುವುದಿಲ್ಲ ಅಂದರೆ ಏನು ಮಾಡಬೇಕು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಆ ದಿನ ಅವಲಕ್ಕಿ, ಮರುದಿನವೂ ಅವಲಕ್ಕಿ. ರಾಯರು ಪಾರ್ಥನಿಗೆ ಫೋನು ಹಚ್ಚಿ ಚಾಪೆಯ ಅಂಚಿಗೆ ಇಟ್ಟರು. ಅವನು ಅಪ್ಪನ ಮಗನೇ. "ಅವ್ವಾ, ಹತ್ತು ದಿನ ಸ್ವಲ್ಪ ಅಡ್ಜಸ್ಟ್ ಮಾಡಿಕೋ," ಅಂದ. ಅವನ ಕೈಯಿಂದ ಫೋನು ಕಿತ್ತುಕೊಂಡು ಸೊಸೆ ಸಂಪದಾ ಮಾತಾಡಿದಳು. ಆಕೆ ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು.

"ಅತ್ಯಾ, ನಿಂತು ವರ್ಷದ ಮ್ಯಾಲ ಆಗಿತ್ತಲ್ಲ? ಹಂಗಿದ್ರ ಒಂದ ಹನಿ ಬಂದ್ರೂ ತೋರಿಸಬೇಕ್ರಿ. ಎಲ್ಲಾರಿಗೂ ಕೆಟ್ಟದ್ದೇ ಇರ್ತದ ಅಂತಲ್ಲ, ಆದ್ರ ನೋಡದ ತಿಳಿಯೂದಿಲ್ಲ. ಸಿಂದಗಿಯೊಳಗ ಡಾಕ್ಟರ್ ವಿಜಯಶ್ರೀ ಅಂತ ಅದಾರ, ನಾ ನಾಳೆ ನೇರ ಅಲ್ಲಿಗೇ ಬರ್ತೀನಿ. ಅಲ್ಲೀತನಕ ನೀವು ಏಳಬ್ಯಾಡ್ರಿ ಚಾಪಿ ಬಿಟ್ಟು."

ಗೋದೂಬಾಯಿಗೆ ಬಹಳ ದಿನಗಳ ಮೇಲೆ ಕಣ್ಣು ತುಂಬಿ ಬಂತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಆಡದ ಮಾತನ್ನು ಹೊರಗಿನಿಂದ ಬಂದವಳು ಆಡಿದ್ದಳು.

ರಾಯರ ಹತ್ತಿರ ಇನ್ನೊಂದೇ ಅಸ್ತ್ರ ಉಳಿದಿತ್ತು. ಸಂಜೆ ಸಿಂದಗಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಹಿತ್ತಲಿಗೆ ಬಂದರು. ಮೈಲಿಗೆ ಇಲ್ಲ ಅಂತ ವಾದಿಸುವ ಮನುಷ್ಯ ಹೆಂಡತಿಯಿಂದ ಮೂರು ಮಾರು ದೂರ ನಿಂತು, ತೋಳು ಚಾಚಿ ಫೋನು ಹಿಡಿದಿದ್ದರು.

"ಆಚಾರ್ರ, ಈಕಿ ನನ್ನ ಮಾತು ನಂಬಾಕ ತಯಾರಿಲ್ಲ. ನೀವೇ ಒಂದ ಸಲ ಹೇಳಿಬಿಡ್ರಿ."

ಆಚೆಯಿಂದ ವಯಸ್ಸಾದ ದನಿ ಬಂತು. "ಗೋದೂಬಾಯಿ, ಡಾಕ್ಟರು ಏನಂದ್ರವ್ವಾ?"

"ಯಾವ ಡಾಕ್ಟರು, ಆಚಾರ್ರ?"

ಆಚಾರ್ಯರ ದನಿ ಏರಿತು. "ಅಲ್ಲ, ನಾ ಜಯತೀರ್ಥಗ ಬಿಡಿಸಿ ಹೇಳಿದ್ದೆ. ನಿಂತು ವರ್ಷ ದಾಟಿದ ಮ್ಯಾಲ ಬಂದದ್ದು ಮುಟ್ಟ ಅಲ್ಲ, ರೋಗ. ರೋಗಕ್ಕ ಮೈಲಿಗಿ ಇಲ್ಲ, ಆಕಿನ್ನ ಹೊರಗ ಕೂಡಸಬ್ಯಾಡ, ಮೊದಲ ದವಾಖಾನಿಗೆ ಕರಕೊಂಡ ಹೋಗು. ಅಡಿಗಿಗೆ ನಾ ಇಬ್ಬರು ಅಡಿಗಿಯವರನ್ನ ಕಳಸ್ತೀನಿ ಅಂತನೂ ಹೇಳಿದ್ದೆ. ನಮ್ಮ ಮನಿಯಾಕಿಗೂ ಹಿಂಗ ಆಗಿತ್ತವ್ವಾ. ನಾ ಚಾತುರ್ಮಾಸ ಮುಗೀಲಿ ಅಂದೆ. ಮುಗಿಯೂದ್ರಾಗ ಆಕಿನೇ ಮುಗದಿದ್ಲು."

ಅಕ್ಕಿ ಆರಿಸುವವರು ಕಲ್ಲು ಎಸೆದು ಅಕ್ಕಿ ಇಟ್ಟುಕೊಳ್ಳುತ್ತಾರೆ. ಜಯತೀರ್ಥರಾಯರು ಸಿಂದಗಿಯಿಂದ ಇಂಡಿಯವರೆಗೆ ಬಸ್ಸಿನಲ್ಲಿ ಕುಳಿತು ಅಕ್ಕಿಯನ್ನೆಲ್ಲ ಎಸೆದು ಕಲ್ಲು ತಂದಿದ್ದರು. ತಮ್ಮ ಹೆಂಡತಿಯನ್ನು ಕಳೆದುಕೊಂಡ ಮುದುಕ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ ಮಾತಿನಲ್ಲಿ ಇವರಿಗೆ ಬೇಕಾದದ್ದು ಅಡಿಗೆ ಅನ್ನುವ ಒಂದು ಶಬ್ದ. ಗೋದೂಬಾಯಿ ಗಂಡನ ಮುಖ ನೋಡಿದಳು. ಇಷ್ಟು ದಿನ ಆಕೆಗೆ ಅವರ ಮೇಲೆ ಸಿಟ್ಟಿತ್ತು. ಈಗ ಸಿಟ್ಟೂ ದಂಡ ಅನ್ನಿಸಿತು.

"ನಾಳಿ ಮುಂಜಾನೆ ಸಿಂದಗಿ ಬಸ್ಸಿಗೆ ನಾ ಹೋಗ್ತೀನಿ," ಎಂದಳು. "ಬರೂದಿದ್ರ ಬರ್ರಿ."

ರಾಯರು ಹೋದರು. ಬಸ್ಸಿನಲ್ಲಿ ಒಂದು ಸೀಟು ಬಿಟ್ಟು ಹಿಂದೆ ಕುಳಿತಿದ್ದರು.

ವಿಜಯಶ್ರೀಯವರ ಆಸ್ಪತ್ರೆಯಲ್ಲಿ ಸುಲ್ತಾನಬಿ ಎಂಬ ಹಿರಿಯ ನರ್ಸ್ ಇದ್ದಳು. ಹೆಸರು, ವಯಸ್ಸು ಬರೆದುಕೊಳ್ಳುತ್ತ ಕೇಳಿದಳು: "ಎಷ್ಟ ದಿನಾ ಆತ್ರಿ ಬಾಯಾರ ರಕ್ತ ಹೋಗಾಕತ್ತಿ?"

"ನಾಲ್ಕ ದಿನ."

"ಚಲೋ ಆತು ಲಗೂನ ಬಂದ್ರಿ. ಆರು ತಿಂಗಳ ಮುಚ್ಚಿಟಗೊಂಡ ಬರೋರ ಅದಾರ. ಮನ್ಯಾಗ ಎಮ್ಮಿ ಮೇವು ಬಿಟ್ರ ಅವತ್ತ ಡಾಕ್ಟರನ್ನ ಕರಸ್ತಾರ ಗಂಡಸರು. ಹೆಂಡ್ತಿಗೆ ಮಾತ್ರ ವಯಸ್ಸಾತು, ಹಿಂಗ ಇರ್ತೈತಿ ಅಂತಾರ." ಪಕ್ಕದ ಬೆಂಚಿನ ಮೇಲಿದ್ದ ರಾಯರು ತಮಗೆ ಸಂಬಂಧವಿಲ್ಲದವರಂತೆ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು.

ಮುದ್ದೇಬಿಹಾಳದಿಂದ ಬಂದಿದ್ದ ಸಂಪದಾ ಅತ್ತೆಯ ಜೊತೆ ಒಳಗೆ ಹೋದಳು. ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ಒಳಪದರ ಇರಬೇಕಾದ್ದಕ್ಕಿಂತ ದಪ್ಪವಾಗಿತ್ತು. ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರು ಇನ್ನೂ ಏನೇನೋ ಕೇಳಿದರು. ಮೈಗೆ ಝಳ ಬರುತ್ತದೆಯೇ, ನಿದ್ದೆ ಹೇಗಿದೆ, ಮೂತ್ರ ಉರಿಯುತ್ತದೆಯೇ, ಮನಸ್ಸು ಹೇಗಿರುತ್ತದೆ. ಗೋದೂಬಾಯಿ ಒಂದೊಂದಾಗಿ ಹೇಳುತ್ತ ಹೋದಳು, ಹೇಳುತ್ತ ಹೇಳುತ್ತ ಅತ್ತಳು. ಇವನ್ನು ಯಾರೂ ಆಕೆಯನ್ನು ಕೇಳಿರಲಿಲ್ಲ.

"ಇಷ್ಟ ವರ್ಷ ಯಾಕ್ ಸಹಿಸಿಕೊಂಡ್ರಿ?" ಅಂದರು ಡಾಕ್ಟರು. "ಝಳಕ್ಕ ಉಪಾಯ ಐತಿ, ನಿದ್ದಿಗೆ ಐತಿ, ಎಲುಬಿಗೆ ಐತಿ. ಇದು ಹುಚ್ಚಲ್ಲ, ಪಾಪನೂ ಅಲ್ಲ. ವರದಿ ಬರಲಿ, ಒಂದೊಂದ ನೋಡೋಣು. ಅಲ್ಲೀತನಕ ಭಾರ ಎತ್ತಬ್ಯಾಡ್ರಿ."

ಪಾದಪೂಜೆ ಅಂದುಕೊಂಡ ದಿನವೇ ನಡೆಯಿತು. ಆಚಾರ್ಯರು ಕಳಿಸಿದ ಇಬ್ಬರು ಗಂಡಸರು ಕಚ್ಚೆ ಬಿಗಿದು ನೂರು ಎಲೆಯ ಅಡುಗೆಯನ್ನು ಹನ್ನೊಂದು ಗಂಟೆಯೊಳಗೆ ಮುಗಿಸಿ ಕೈ ತೊಳೆದುಕೊಂಡರು. ಹೋಳಿಗೆ ಬಹಳ ಚೆನ್ನಾಗಿದ್ದವು. ಊಟ ಮಾಡಿದವರು ಜಯತೀರ್ಥರಾಯರನ್ನು ಹೊಗಳಿದರು, ರಾಯರು ಕೈ ಮುಗಿದು ಹೊಗಳಿಕೆ ಸ್ವೀಕರಿಸಿದರು. ಯಾವುದಕ್ಕೆ ಒಬ್ಬಳ ಜೀವವನ್ನು ಒತ್ತೆ ಇಡಲು ಹೊರಟಿದ್ದರೋ ಅದು ಒಂದು ಫೋನಿನಲ್ಲಿ ಮುಗಿಯುವ ಕೆಲಸವಾಗಿತ್ತು. ಗೋದೂಬಾಯಿ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರ ಎದುರಿಗೆ ಕುಳಿತಿದ್ದಳು. ಏಳು ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಎರಡು ದಿನದ ಮೇಲೆ ವರದಿ ಬಂತು. ಸಿಂದಗಿಯ ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು ಡಾಕ್ಟರು ಹೇಳಿದರು.

"ಕ್ಯಾನ್ಸರ್ ಅಲ್ರಿ. ಆದ್ರ ಆ ದಾರಿ ಹಿಡದಿತ್ತು. ಹಿಂಗ ಬಿಟ್ಟಿದ್ರ ಒಂದ ದಿನ ಆಗೇ ಆಗ್ತಿತ್ತು. ಗರ್ಭಕೋಶ ತೆಗೀಬೇಕಾಗ್ತೈತಿ, ಇದ ತಿಂಗಳ ಮಾಡಿದ್ರ ಚಲೋ. ಟೈಮಕ್ಕ ಬಂದೀರಿ, ಜೀವ ಉಳೀತು ನಿಮ್ದು."

ಗೋದೂಬಾಯಿ ಕಣ್ಣು ಮುಚ್ಚಿ ತೆರೆದಳು. ಹಿಪ್ಪರಗಿಯ ಅತ್ತೆಗೆ ಸಿಗದ ಮಾತು ತನಗೆ ಸಿಕ್ಕಿತು ಅನ್ನಿಸಿತು.

ರಾಯರು ಕುರ್ಚಿಯ ಅಂಚಿಗೆ ಸರಿದು ಗಂಟಲು ಸರಿಮಾಡಿಕೊಂಡರು. ಹೆಂಡತಿಯ ಜೀವ ಉಳಿದ ಸುದ್ದಿ ಕೇಳಿ ಒಂದು ನಿಮಿಷವೂ ಆಗಿರಲಿಲ್ಲ.

"ಅಲ್ರಿ ಡಾಕ್ಟರ, ಅದನ್ನ ತೆಗದ ಮ್ಯಾಲ ಇನ್ನ ಮುಂದ ಈ ತೊಂದರಿ ಇರೂದಿಲ್ಲಲ್ರಿ? ಎಷ್ಟ ದಿನಕ್ಕ ಮಡಿ ಅಡಿಗಿಗೆ ಬರಬಹುದು ಈಕಿ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಗೋದೂಬಾಯಿ ಮೇಜಿನ ಮೇಲಿದ್ದ ವರದಿ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಇದೇ ಊರಾಗ ಆಚಾರ್ರು ಅದಾರ, ಹೋಗಿ ಕೇಳ್ರಿ," ಎಂದಳು. "ಈ ಸಲ ಪೂರಾ ಕೇಳಿಕೊಂಡ ಬರ್ರಿ."